ತಳದಲ್ಲಿ ಒಂದು ಬೆರಳು ನೀರು

ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಸುಮಾರು 42 ಅಡಿ ಎತ್ತರದ ಒಂದು ಕಲ್ಲಿನ ಕಂಬವಿದೆ. ಅದಕ್ಕೆ ಅಡಿಪಾಯವಿಲ್ಲ. ಜಗಲಿಯ ಮೇಲೆ ತನ್ನ ತೂಕದಿಂದಲೇ ನಿಂತಿದೆ. ಒಂದು ಅಂಚಿನ ಕೆಳಗೆ ಕಾಗದ ತೂರಿಸಿ ತೋರಿಸುವ ಮಾರ್ಗದರ್ಶಿಗಳನ್ನೂ, ಅದನ್ನು ಕಂಡು ಬೆರಗಾಗುವ ಪ್ರವಾಸಿಗರನ್ನೂ ಅಲ್ಲಿ ದಿನವೂ ನೋಡಬಹುದು. ಇದೇ ಊರಿನ ಪಕ್ಕದಲ್ಲಿ ಯಗಚಿ ಜಲಾಶಯವಿದೆ. ಬಾಬಾಬುಡನ್ ಗಿರಿ ಸಾಲಿನಲ್ಲಿ ಹುಟ್ಟಿ ಹೇಮಾವತಿಯನ್ನು ಸೇರುವ ಯಗಚಿಗೆ 2001ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಅದು. ಅಲ್ಲಿ ಸಂಜೆ ಬಲೆ ಬಿಡಲು ಹೊರಡುವ ಹರಿಗೋಲಿನ ಎತ್ತರ ಒಂದೂವರೆ ಅಡಿ, ಅಗಲ ಆರೇಳು ಅಡಿ. ನೋಡಿದರೆ ಕಂಬ ಬೀಳಬೇಕು, ಹರಿಗೋಲು ಮಗುಚಲೇಬಾರದು. ಆದರೆ ಕಂಬ ಶತಮಾನಗಳಿಂದ ನಿಂತೇ ಇದೆ. ತೆಪ್ಪವೋ ಹರಿಗೋಲೋ ಮಗುಚಿ ಜನ ನೀರುಪಾಲಾದ ಸುದ್ದಿಯೋ ಮಳೆಗಾಲ ಬಂತೆಂದರೆ ಯಾವುದಾದರೂ ಜಿಲ್ಲೆಯಿಂದ ಬಂದೇ ಬರುತ್ತದೆ.

ರಾತ್ರಿ ಮೀನು ಹಿಡಿಯಲು ಹೊರಡುವವರಿಗೆ ಹೇಳುವ ಬುದ್ಧಿಮಾತುಗಳಿಗೆ ಕೊರತೆಯಿಲ್ಲ. ಬ್ಯಾಟರಿ ಮರೆಯಬೇಡಿ, ಕುಡಿದು ಹತ್ತಬೇಡಿ, ಎದ್ದು ನಿಲ್ಲಬೇಡಿ, ಒಬ್ಬರೇ ಹೋಗಬೇಡಿ. ಎಲ್ಲವೂ ಸರಿಯೇ. ಆದರೆ ಏಕೆ ಎಂದು ತಿಳಿಯದ ಬುದ್ಧಿಮಾತು ಮೊದಲ ಅವಸರಕ್ಕೇ ಮರೆತುಹೋಗುತ್ತದೆ. ಹರಿಗೋಲು ಯಾವುದರಿಂದ ನೆಟ್ಟಗಿರುತ್ತದೆ, ಯಾವುದರಿಂದ ಆ ಗುಣ ಕಳೆದುಕೊಳ್ಳುತ್ತದೆ ಎಂಬುದು ಒಮ್ಮೆ ತಿಳಿದರೆ, ಹೊರಡುವ ಮುನ್ನ ಏನು ಮಾಡಬೇಕೆಂಬುದರಲ್ಲಿ ಬಹುಪಾಲು ತಾನಾಗಿಯೇ ಹೊಳೆಯುತ್ತದೆ.

ನಿಂತ ಕಂಬ, ತೇಲುವ ಬುಟ್ಟಿ

ಯಾವುದೇ ವಸ್ತುವಿನ ತೂಕವೆಲ್ಲ ಒಂದೇ ಕಡೆ ಸೇರಿ ಕೆಳಗೆ ಜಗ್ಗುತ್ತಿದೆ ಎಂದು ಎಣಿಸಬಹುದಾದ ಒಂದು ಜಾಗವಿರುತ್ತದೆ. ಅದನ್ನು ಭಾರಬಿಂದು ಎನ್ನೋಣ. ಬೇಲೂರಿನ ಕಂಬದ ಭಾರಬಿಂದುವಿನಿಂದ ನೇರ ಕೆಳಕ್ಕೆ ಗೆರೆ ಎಳೆದರೆ ಅದು ಕಂಬದ ಬುಡದೊಳಗೇ ಬೀಳುತ್ತದೆ. ಅಲ್ಲಿಯವರೆಗೆ ಕಂಬ ಬೀಳುವುದಿಲ್ಲ, ಒಂದು ಅಂಚಿನಡಿ ಕಾಗದ ತೂರಿದರೂ ಅಷ್ಟೆ. ಅದರ ಆಸರೆ ಕಲ್ಲು, ಅದು ಕದಲುವುದಿಲ್ಲ. ಹರಿಗೋಲಿಗೆ ಅಂಥ ಆಸರೆಯಿಲ್ಲ. ಅದನ್ನು ಹೊತ್ತಿರುವುದು ಅದು ತಳ್ಳಿ ಸರಿಸಿದ ನೀರು. ಆ ನೀರು ಮೇಲಕ್ಕೆ ಒತ್ತುವ ಬಲವನ್ನೂ ಒಂದೇ ಜಾಗದಲ್ಲಿ ಸೇರಿದೆ ಎಂದು ಎಣಿಸಿದರೆ ಅದು ತೇಲುಬಿಂದು. ಕಂಬದ ಆಸರೆಗಿಂತ ಇದು ಬೇರೆಯಾಗುವುದು ಒಂದು ವಿಷಯದಲ್ಲಿ: ತೇಲುಬಿಂದು ಓಡಾಡುತ್ತದೆ.

ಹರಿಗೋಲು ಎಡಕ್ಕೆ ವಾಲಿತೆನ್ನಿ. ಎಡಭಾಗ ಹೆಚ್ಚು ಮುಳುಗುತ್ತದೆ, ಬಲಭಾಗ ಮೇಲೇಳುತ್ತದೆ. ಹೆಚ್ಚು ನೀರು ಸರಿದಿರುವುದು ಈಗ ಎಡಕ್ಕೆ, ಹಾಗಾಗಿ ಮೇಲಕ್ಕೆ ಒತ್ತುವ ತೇಲುಬಿಂದುವೂ ಎಡಕ್ಕೆ ಸರಿದು ಆ ಅಂಚನ್ನು ಎತ್ತುತ್ತದೆ. ವಾಲಿದ ದೋಣಿ ತಾನಾಗಿ ನೆಟ್ಟಗಾಗುವುದು ಹೀಗೆ. ದೋಣಿ ಅಗಲವಾದಷ್ಟೂ ತೇಲುಬಿಂದು ದೂರ ಸರಿಯಬಲ್ಲುದು, ಎತ್ತುವ ಶಕ್ತಿಯೂ ಅಷ್ಟು ಹೆಚ್ಚು. ವಾಲಿದಾಗ ತಗ್ಗಿನ ಕಡೆಗೆ ತೇಲುಬಿಂದು ಮುಂದಾಗಿ ತಲುಪುತ್ತದೆಯೋ ಭಾರಬಿಂದು ತಲುಪುತ್ತದೆಯೋ ಎಂಬುದೇ ಇಲ್ಲಿ ಇಡೀ ಪ್ರಶ್ನೆ. ತೇಲುಬಿಂದು ಮುಂದಿದ್ದರೆ ದೋಣಿ ನೆಟ್ಟಗಾಗುತ್ತದೆ, ಭಾರಬಿಂದು ಅದನ್ನು ದಾಟಿದರೆ ಮಗುಚುತ್ತದೆ. ಇದನ್ನು ಲೆಕ್ಕಕ್ಕೆ ಒಗ್ಗಿಸಿ 1746ರಲ್ಲಿ ಹಡಗು ಕಟ್ಟುವವರಿಗಾಗಿ ಪುಸ್ತಕ ಬರೆದವನು ಫ್ರಾನ್ಸಿನ ಪಿಯರ್ ಬೂಗೇ. ತಮಾಷೆಯೆಂದರೆ ಆತ ಅದಕ್ಕೆ ಮುಂಚಿನ ಹಲವು ವರ್ಷಗಳನ್ನು ಕಳೆದದ್ದು ಹಡಗುಗಳ ನಡುವೆಯಲ್ಲ, ಭೂಮಿಯ ಆಕಾರ ಅಳೆಯಲು ಹೋಗಿ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ.

ಇಷ್ಟು ತಿಳಿದ ಮೇಲೆ ನಮ್ಮ ಹರಿಗೋಲನ್ನು ಮೆಚ್ಚಲೇಬೇಕು. ಬಿದಿರು ಹೆಣೆದು, ಮೇಲೆ ಚರ್ಮ ಹೊದಿಸಿದ ದುಂಡನೆಯ ಬುಟ್ಟಿದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುತ್ತಿದ್ದುದನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ಚರ್ಮದ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂತು, ಈಗ ಫೈಬರ್ ಬಂದಿದೆ. ಆಕಾರ ಮಾತ್ರ ಹಾಗೇ ಉಳಿದಿದೆ. ಆಳ ಕಡಿಮೆ, ಅಗಲ ಹೆಚ್ಚು, ಯಾವ ದಿಕ್ಕಿಗೆ ವಾಲಿದರೂ ಒಂದೇ ಅಗಲ. ಎರಡು ಮೀಟರ್ ಅಡ್ಡಳತೆಯ ಹರಿಗೋಲಿನಲ್ಲಿ ಮೂವರು ಕೂತು ಬಲೆ ಇಟ್ಟುಕೊಂಡರೆ ಅದು ನೀರಿಗೆ ಇಳಿಯುವುದು ಹತ್ತು ಸೆಂಟಿಮೀಟರಿನ ಆಸುಪಾಸು. ಒಬ್ಬ ನಡುವಿನಿಂದ ಅಂಚಿಗೆ ಸರಿದರೆ ಆ ಅಂಚು ಎಂಟು ಹತ್ತು ಸೆಂಟಿಮೀಟರ್ ಕೆಳಗಿಳಿಯುತ್ತದೆ, ಅಷ್ಟೆ. ಇದು ಗಟ್ಟಿಮುಟ್ಟಾದ ದೋಣಿಯೇ.

ಹಾಗಾದರೆ ಮಗುಚುವುದು ಹೇಗೆ? ಮೂವರೂ ಒಂದೇ ಕಡೆ ಬಾಗಿ ಬಲೆ ಎಳೆದರೆ ಆ ಅಂಚು ಇಪ್ಪತ್ತೈದು ಸೆಂಟಿಮೀಟರ್ ಮೀರಿ ಇಳಿಯುತ್ತದೆ. ಒಂದೂವರೆ ಅಡಿಯ ಗೋಡೆಯಲ್ಲಿ ನೀರಿನಿಂದ ಮೇಲೆ ಉಳಿಯುವುದು ಹೆಚ್ಚೆಂದರೆ ಒಂದು ಗೇಣಿನ ಅರ್ಧ. ಸಣ್ಣದೊಂದು ಅಲೆ ಸಾಕು, ನೀರು ಒಳಗೆ. ಕಿರಿದಾದ ದೋಣಿ ಕಂಬದಂತೆ ಉರುಳಬಹುದು. ಹರಿಗೋಲು ಉರುಳುವ ಮುನ್ನ ನೀರು ಕುಡಿಯುತ್ತದೆ. ಕೇರಳದ ತೇಕ್ಕಡಿ ಜಲಾಶಯದಲ್ಲಿ 2009ರ ಸೆಪ್ಟೆಂಬರ್ 30ರಂದು 45 ಜನರನ್ನು ಬಲಿ ತೆಗೆದುಕೊಂಡ ದೋಣಿ ದುರಂತದಲ್ಲಿ, ದಡದಲ್ಲಿ ಕಂಡ ಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದೇ ಬದಿಗೆ ಸರಿದರೆಂದು ಆಗ ವರದಿಯಾಗಿತ್ತು. ಆ ಎರಡಂತಸ್ತಿನ ದೋಣಿಯ ರಚನೆಯಲ್ಲಿ ದೋಷಗಳಿದ್ದವೆಂಬುದು ನಿಜ. ಆದರೂ ಕೊನೆಯಲ್ಲಿ ಸರಿದದ್ದು ಭಾರಬಿಂದುವೇ.

ಒಳಗಿನ ನೀರು ಮಾಡುವ ಮೋಸ

ಈಗ ಈ ಅಧ್ಯಾಯದ ತಿರುಳಿಗೆ ಬರೋಣ. ಹರಿಗೋಲಿನೊಳಗೆ ಒಂದಿಷ್ಟು ನೀರು ನಿಂತಿದೆ. ಸೋರಿದ್ದಿರಬಹುದು, ಅಲೆಯಲ್ಲಿ ಬಂದದ್ದಿರಬಹುದು, ಎಳೆದುಕೊಂಡ ಬಲೆಯಿಂದ ಇಳಿದದ್ದೂ ಇರಬಹುದು. ಹತ್ತಿದವರು ಯಾರೂ ಇದನ್ನು ದೊಡ್ಡದೆಂದು ಎಣಿಸುವುದಿಲ್ಲ, ಕಾಲು ಒದ್ದೆಯಾಯಿತೆಂದು ಗೊಣಗಬಹುದು, ಅಷ್ಟೆ. ಒಂದು ಬೆರಳು, ಅಂದರೆ ಎರಡು ಸೆಂಟಿಮೀಟರ್ ನೀರು ಎರಡು ಮೀಟರಿನ ತಳದಲ್ಲಿ ಹರಡಿದರೆ ಎಷ್ಟಾಯಿತು? ಸುಮಾರು ಅರವತ್ತು ಲೀಟರ್, ಅಂದರೆ ಅರವತ್ತು ಕಿಲೊ. ಒಬ್ಬ ಆಳಿನ ತೂಕ.

ತೂಕ ಮಾತ್ರವಾಗಿದ್ದರೆ ಹರಿಗೋಲು ಎರಡು ಸೆಂಟಿಮೀಟರ್ ಹೆಚ್ಚು ಇಳಿಯುತ್ತಿತ್ತು, ಕತೆ ಅಲ್ಲಿಗೆ ಮುಗಿಯುತ್ತಿತ್ತು. ಮೋಸವಿರುವುದು ಆ ತೂಕ ನಿಂತಲ್ಲಿ ನಿಲ್ಲದಿರುವುದರಲ್ಲಿ. ಚೊಂಬಿನ ತುಂಬ ನೀರು ಹಿಡಿದು ನಡೆಯುವುದು ಸುಲಭ. ಅಷ್ಟೇ ನೀರನ್ನು ಅಗಲವಾದ ತಾಂಬಾಳದಲ್ಲಿ ಹರಡಿಕೊಂಡು ಹೊಸ್ತಿಲು ದಾಟಿ ನೋಡಿ. ಕೈ ಕೂದಲೆಳೆಯಷ್ಟು ವಾಲಿದರೂ ನೀರೆಲ್ಲ ಆ ಕಡೆಗೇ ನುಗ್ಗುತ್ತದೆ, ಅದರ ತೂಕಕ್ಕೆ ತಾಂಬಾಳ ಇನ್ನಷ್ಟು ವಾಲುತ್ತದೆ, ವಾಲಿದ್ದಕ್ಕೆ ಇನ್ನಷ್ಟು ನೀರು ಹರಿಯುತ್ತದೆ. ಹರಿಗೋಲಿನ ತಳದಲ್ಲಿ ಆಗುವುದೂ ಇದೇ. ಎಡಕ್ಕೆ ವಾಲಿದಾಗ ಹೊರಗಿನ ನೀರು ತೇಲುಬಿಂದುವನ್ನು ಎಡಕ್ಕೆ ಸರಿಸಿ ಎತ್ತಲು ನೋಡುತ್ತದೆ, ಒಳಗಿನ ನೀರು ಅದೇ ಹೊತ್ತಿಗೆ ಭಾರಬಿಂದುವನ್ನು ಎಡಕ್ಕೆ ಸರಿಸಿ ಮುಳುಗಿಸಲು ನೋಡುತ್ತದೆ. ಹೊರಗಿನ ನೀರಿಗೆ ಬಲ ಬಂದದ್ದು ದೋಣಿಯ ಅಗಲದಿಂದ. ಒಳಗಿನ ನೀರಿಗೂ ಬಲ ಬರುವುದು ಅದೇ ಅಗಲದಿಂದ. ತಳ ಪೂರ್ತಿ ನೀರು ಹರಡಿದ್ದರೆ, ಅಗಲವು ಕೊಟ್ಟ ಸ್ಥಿರತೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮೊದಲ ವಾಲಿಕೆಯಲ್ಲೇ ಆ ತೆಳುವಾದ ಪದರ ಕಿತ್ತುಕೊಳ್ಳುತ್ತದೆ. ಗೋಡೆಗಳು ನೇರವಾಗಿದ್ದು ತಳವೂ ಬಾಯಿಯಷ್ಟೇ ಅಗಲವಾಗಿದ್ದರೆ, ಹೆಚ್ಚುಕಡಿಮೆ ಎಲ್ಲವನ್ನೂ. ಹಡಗು ತಜ್ಞರು ಇದನ್ನು ಫ್ರೀ ಸರ್ಫೇಸ್ ಎಫೆಕ್ಟ್ ಎನ್ನುತ್ತಾರೆ. ನಮಗೆ ಅದು ತುಯ್ದಾಡುವ ನೀರಿನ ಕಾಟ.

ಇದು ಸಣ್ಣ ದೋಣಿಗಳ ರೋಗ ಮಾತ್ರವಲ್ಲ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಭಾರಿ ಹಡಗು ಮುಂಬಾಗಿಲು ಮುಚ್ಚದೆಯೇ ಹೊರಟಿತ್ತು. ಕಾರುಗಳನ್ನು ನಿಲ್ಲಿಸುವ, ಅಡ್ಡಗೋಡೆಗಳಿಲ್ಲದ ವಿಶಾಲ ಅಂತಸ್ತಿಗೆ ನೀರು ನುಗ್ಗಿ ಹರಡಿತು. ಹಡಗು ಮುಳುಗುವಷ್ಟು ನೀರೇನೂ ಇನ್ನೂ ಬಂದಿರಲಿಲ್ಲ, ಆದರೂ ಒಂದೆರಡು ನಿಮಿಷದಲ್ಲಿ ಅದು ಪಕ್ಕಕ್ಕೆ ಮಗುಚಿತು. 193 ಜನ ಸತ್ತರು. ದೊಡ್ಡ ಹಡಗುಗಳ ತೊಟ್ಟಿಗಳನ್ನು ಅಡ್ಡಗೋಡೆ ಹಾಕಿ ಭಾಗ ಮಾಡುವುದು ಇದೇ ಕಾರಣಕ್ಕೆ. ಅಗಲವನ್ನು ಎರಡಾಗಿ ಸೀಳಿದರೆ ತುಯ್ದಾಟದ ಕಾಟ ಕಾಲು ಭಾಗಕ್ಕೆ ಇಳಿಯುತ್ತದೆ. ಹರಿಗೋಲಿಗೆ ಅಡ್ಡಗೋಡೆ ಕಟ್ಟಲಾಗದು. ಅಲ್ಲಿರುವ ಮದ್ದು ಒಂದೇ: ನೀರನ್ನು ಮೊಗೆದು ಚೆಲ್ಲುವುದು.

ಕತ್ತಲು ಸೇರಿಸುವುದೇನು

ಹಗಲಿನಲ್ಲೂ ಇದೇ ಭೌತವಿಜ್ಞಾನ ಅಲ್ಲವೇ, ರಾತ್ರಿಗೆ ಬೇರೆ ಸಿದ್ಧತೆ ಏಕೆ ಎಂದು ಕೇಳಬಹುದು. ನೀರಿನ ನಿಯಮ ರಾತ್ರಿ ಬದಲಾಗುವುದಿಲ್ಲ. ಬದಲಾಗುವುದು ನಮಗೆ ಸಿಗುವ ಸುದ್ದಿ. ಹಗಲಲ್ಲಿ ತಳದ ನೀರು ಕಣ್ಣಿಗೆ ಬೀಳುತ್ತದೆ, ಅಂಚು ಇಳಿದದ್ದು ಕಾಣುತ್ತದೆ, ದೂರದಲ್ಲಿ ನೀರಿನ ಮೇಲೆ ಗಾಳಿ ಕಪ್ಪಗೆ ಓಡಿಬರುವುದು ಕಾಣುತ್ತದೆ. ನಾವು ಅರಿವಿಲ್ಲದೆಯೇ ಹಿಂದಕ್ಕೆ ಸರಿದು ಸರಿಮಾಡಿಕೊಳ್ಳುತ್ತೇವೆ. ಮನುಷ್ಯನ ಸಮತೋಲ ನಡೆಯುವುದು ಕಣ್ಣು, ಒಳಕಿವಿ, ಅಂಗಾಲು ಕೀಲುಗಳ ಸ್ಪರ್ಶ ಈ ಮೂರರ ಒಪ್ಪಂದದಿಂದ. ಒಂಟಿಕಾಲಲ್ಲಿ ನಿಂತು ಕಣ್ಣು ಮುಚ್ಚಿದರೆ ಯಾರು ಬೇಕಾದರೂ ಇದನ್ನು ಪರೀಕ್ಷಿಸಿಕೊಳ್ಳಬಹುದು. ಕತ್ತಲಲ್ಲಿ ಕಣ್ಣು ರಜೆ ಹಾಕುತ್ತದೆ, ತುಯ್ಯುವ ತಳದಲ್ಲಿ ಅಂಗಾಲು ಸುಳ್ಳು ಹೇಳುತ್ತದೆ, ಉಳಿಯುವುದು ಕಿವಿಯೊಂದೇ. ನಿಂತವನ ಮೈ ಹಗಲಿಗಿಂತ ಹೆಚ್ಚು ತೂಗಾಡುತ್ತದೆ.

ಇಷ್ಟಾದರೂ ಬಲೆಗಾರರು ಕತ್ತಲನ್ನೇ ಆರಿಸಿಕೊಳ್ಳುತ್ತಾರೆ, ಅದಕ್ಕೂ ಕಾರಣವಿದೆ. ನೀರಿನಲ್ಲಿ ಗೋಡೆಯಂತೆ ನಿಲ್ಲುವ ನೈಲಾನ್ ಬಲೆ ಮೀನಿನ ಕಣ್ಣಿಗೆ ಕಾಣದಿದ್ದಾಗಲೇ ಅದು ಬಂದು ಸಿಕ್ಕುವುದು. ಹುಣ್ಣಿಮೆಗಿಂತ ಅಮಾವಾಸ್ಯೆಯ ಆಚೀಚೆ ಬಲೆ ತುಂಬುತ್ತದೆ ಎಂಬ ಲೆಕ್ಕದಲ್ಲಿ ಹುರುಳಿದೆ. ಆದ್ದರಿಂದ ಬೆಳದಿಂಗಳಲ್ಲಿ ಮಾತ್ರ ಹೋಗಿ ಎಂಬ ಸಲಹೆ ಹೊಟ್ಟೆಪಾಡಿನವರ ಮುಂದೆ ನಿಲ್ಲುವುದಿಲ್ಲ. ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುವ ಈ ಕೆಲಸದಲ್ಲಿ ಗಮನಿಸಬೇಕಾದದ್ದು ಬೇರೆ: ಹೋಗುವ ಹರಿಗೋಲು ಬೇರೆ, ಬರುವ ಹರಿಗೋಲು ಬೇರೆ. ಹೋಗುವಾಗ ಒಣ ಬಲೆ, ಒಣ ತಳ. ಬರುವಾಗ ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ಮೀನುಗಳ ರಾಶಿ, ನೀರಿಳಿಯುವ ಬಲೆ, ನಿದ್ದೆಗೆಟ್ಟ ಮೈ. ಮೀನಿನ ಲೋಳೆ ಹತ್ತಿದ ತಳ ಜಾರುತ್ತದೆ, ಮೀನು ತಾನೂ ಜಾರಿ ತಗ್ಗಿನ ಕಡೆ ಸೇರುತ್ತದೆ. ಡಿಸೆಂಬರ್ ಜನವರಿಯಲ್ಲಾದರೆ ನೀರು ಬೆಚ್ಚಗಿದ್ದು ಗಾಳಿ ತಣ್ಣಗಿರುವುದರಿಂದ ಹಿನ್ನೀರಿನ ಮೇಲೆ ಮಂಜು ಕವಿದು ದಡವೇ ಮಾಯವಾಗುತ್ತದೆ. ಹೊರಡುವಾಗ ಎಷ್ಟು ಜನ ಹಿಡಿಸುತ್ತಾರೆ ಎಂದು ಲೆಕ್ಕ ಹಾಕುವುದು ತಪ್ಪು ಲೆಕ್ಕ. ಹಿಂದಿರುಗುವ ಹರಿಗೋಲು ಎಷ್ಟನ್ನು ಹೊರಬೇಕು ಎಂಬುದರಿಂದ ಶುರುಮಾಡಬೇಕು.

ದಡದ ಮೇಲಿನ ಕೆಲಸ

ಸಿದ್ಧತೆಯ ಪಟ್ಟಿಯಲ್ಲಿ ಮೊದಲ ಹೆಸರು ಬ್ಯಾಟರಿಯದಲ್ಲ, ನೀರು ಮೊಗೆಯುವ ಡಬ್ಬದ್ದು. ಅಡ್ಡ ಕತ್ತರಿಸಿದ ಐದು ಲೀಟರ್ ಎಣ್ಣೆ ಕ್ಯಾನು ಸಾಕು. ಆದರೆ ಅದನ್ನು ಹಗ್ಗದಿಂದ ಕಟ್ಟಿರಬೇಕು, ಬೇಕಾದ ಹೊತ್ತಿಗೆ ತೇಲಿಹೋಗುವ ಮೊದಲ ವಸ್ತು ಅದೇ. ಕಾಣದ ನೀರನ್ನು ಕೈಯಿಂದ ತಿಳಿಯಬೇಕು: ಪ್ರತಿ ಸಲ ಬಲೆ ಎಳೆದ ಮೇಲೆ ತಳ ಮುಟ್ಟಿ ನೋಡುವ ಅಭ್ಯಾಸ ಸಾಕಾಗುತ್ತದೆ. ಎಳೆದ ಬಲೆ ನಡುವೆ ಬರಲಿ. ಮೀನು ತಳದಲ್ಲಿ ಚೆಲ್ಲಿ ಬೀಳದೆ ಚೀಲದಲ್ಲಿರಲಿ, ಆಗ ಅದರ ತೂಕ ಓಡಾಡುವುದಿಲ್ಲ. ಬಲೆ ಎಳೆಯುವವನು ಅಂಚಿಗೆ ಬಾಗಿದಾಗ ಇನ್ನೊಬ್ಬ ಎದುರಿನ ಅಂಚಿಗೆ ಒರಗಬೇಕು. ಯಾರು ಎಲ್ಲಿ ಎಂಬುದು ಬೆಳಕಿರುವಾಗಲೇ ತೀರ್ಮಾನವಾಗಿರಬೇಕು, ಕತ್ತಲಲ್ಲಿ ಜಾಗ ಬದಲಿಸುವ ಮಾತೇ ಇಲ್ಲ.

ಬೆಳಕಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ: ಬ್ಯಾಟರಿ ಪ್ರಖರವಾದಷ್ಟೂ ಒಳ್ಳೆಯದು ಎಂದು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಪ್ರಖರ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಆ ಗಳಿಕೆ ಹೋಗುತ್ತದೆ, ಬೆಳಕಿನ ವರ್ತುಲದಾಚೆಗಿನದೆಲ್ಲ ಮೊದಲಿಗಿಂತ ಕಪ್ಪಾಗುತ್ತದೆ. ತಳ ನೋಡಲು ಮಂದ ಬೆಳಕು ಸಾಕು, ಅದು ಕೆಂಪಾಗಿದ್ದರೆ ಇನ್ನೂ ಮೇಲು. ಪ್ರಖರವಾದದ್ದು ಕರೆಯಲು, ಕಾಣಿಸಿಕೊಳ್ಳಲು ಇಟ್ಟುಕೊಂಡಿರುವುದು. ನಿಜವಾಗಿ ಬೆಳಕು ಬೇಕಾದದ್ದು ದಡದಲ್ಲಿ. ದುಂಡನೆಯ ಹರಿಗೋಲಿಗೆ ಮೂತಿಯಿಲ್ಲ, ಹುಟ್ಟು ನಿಂತರೆ ತಿರುಗುತ್ತದೆ, ಎರಡು ಸುತ್ತಿನಲ್ಲಿ ದಿಕ್ಕು ತಪ್ಪುತ್ತದೆ. ಊರಿನ ದೀಪಗಳನ್ನು ನಂಬುವಂತಿಲ್ಲ, ಕರೆಂಟ್ ಹೋದರೆ ಊರೇ ಇಲ್ಲ. ಇಳಿಯುವ ಜಾಗದಲ್ಲಿ ಒಂದು ಲಾಟೀನು, ಅದರ ಹಿಂದೆ ಹತ್ತಿಪ್ಪತ್ತು ಹೆಜ್ಜೆಗೆ ಎತ್ತರದಲ್ಲಿ ಇನ್ನೊಂದು ಇಟ್ಟರೆ, ಎರಡೂ ಒಂದರ ಮೇಲೊಂದು ಕಂಡಾಗ ನಾವು ಸರಿಯಾದ ಗೆರೆಯ ಮೇಲಿದ್ದೇವೆ ಎಂದರ್ಥ. ಸಮುದ್ರದ ಬಂದರುಗಳಲ್ಲಿ ಹಡಗುಗಳಿಗೆ ದಾರಿ ತೋರುವುದೂ ಇದೇ ಉಪಾಯ.

ನೀರಿನ ನೆಲೆಯನ್ನೂ ಹಗಲಲ್ಲೇ ಓದಿಕೊಳ್ಳಬೇಕು. ಹಳೇಬೀಡಿನ ದ್ವಾರಸಮುದ್ರದಂಥ ಏರಿ ಕಟ್ಟಿದ ಕೆರೆ ಏರಿಯ ಬಳಿ, ತೂಬಿನ ಬಳಿ ಆಳ. ಹಿಂದಕ್ಕೆ ಹೋದಂತೆ ತೆಳುವಾಗುತ್ತದೆ. ಮಳೆ ಕಡಿಮೆಯಿರುವ ಅರಸೀಕೆರೆ ಕಡೆಯ ಕೆರೆಗಳ ಅಪಾಯ ಬೇರೆ ಬಗೆಯದು. ವರ್ಷಗಟ್ಟಲೆ ಒಣಗಿದ ಅಂಗಳದಲ್ಲಿ ಜಾಲಿ ಬೆಳೆದಿರುತ್ತದೆ, ಮಣ್ಣು ತೆಗೆದ ಗುಂಡಿಗಳಿರುತ್ತವೆ. ಕೆರೆ ತುಂಬಿದ ವರ್ಷ ಎರಡೂ ನೀರಿನಡಿ ಅಡಗುತ್ತವೆ. ಜಾಲಿಗೆ ಬಲೆ ಸಿಕ್ಕಿ, ಬಿಡಿಸಲು ಎಲ್ಲರೂ ಒಂದೇ ಕಡೆ ಜಗ್ಗಿದರೆ ಏನಾಗುತ್ತದೆಂದು ಈಗ ಹೇಳಬೇಕಾಗಿಲ್ಲ. ಕೋಡಿ ಬೀಳುತ್ತಿರುವ ಕೆರೆಯಲ್ಲಿ ಕೋಡಿಯ ಕಡೆ ಹೋಗಲೇಬಾರದು. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಗುಡುಗುಮೋಡದಿಂದ ಇಳಿಯುವ ಗಾಳಿ ಮಳೆಗಿಂತ ಮೊದಲೇ ಬಂದು ಬಡಿಯುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಹತ್ತಿರದ ಸಿಡಿಲಿನ ಸುಳಿವು ಕೊಡುತ್ತದೆ, ಹೊರಡುವ ಮುನ್ನ ನೋಡುವುದಕ್ಕೆ ಖರ್ಚಿಲ್ಲ.

‘ನಮ್ಮ ಹಿರಿಯರು ಜಾಕೆಟ್ ಹಾಕಿದ್ದರೇ?’

ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕಬಾರದು. ತಲೆಮಾರುಗಳಿಂದ ಬೆಸ್ತರ ಮನೆಗಳಲ್ಲಿ ಬಂದ ತಿಳಿವಳಿಕೆ ದೊಡ್ಡದು, ನಡು ಬಿಡದೆ ಕೂರುವುದೂ ಅಂಚಿಗೆ ಎದುರು ತೂಕ ಕೊಡುವುದೂ ಅವರ ಮೈಗೆ ಹತ್ತಿದ್ದು. ಆದರೆ ಆ ತಿಳಿವಳಿಕೆ ಬೆಳೆದದ್ದು ಹೊಳೆಯಲ್ಲಿ, ಊರ ಕೆರೆಯಲ್ಲಿ. ಗಾಳಿ ನೀರಿನ ಮೇಲೆ ಓಡಲು ಸಿಗುವ ಬಯಲು ಉದ್ದವಾದಷ್ಟೂ ಅಲೆ ದೊಡ್ಡದಾಗುತ್ತದೆ, ಅಂಥ ಬಯಲಿರುವ ಯಗಚಿಯ ಹಿನ್ನೀರಿಗೆ ಇನ್ನೂ ಮೂರು ದಶಕದ ವಯಸ್ಸೂ ಆಗಿಲ್ಲ. ಜೊತೆಗೆ ಮೋಜಿಗೆಂದು ರಾತ್ರಿ ಮೀನಿಗೆ ಹೊರಡುವ ಇಂದಿನ ಯುವಕರಲ್ಲಿ ಆ ತಿಳಿವಳಿಕೆಯೂ ಇಲ್ಲ, ಕೆಲವೊಮ್ಮೆ ಮೀನು ಹಿಡಿಯುವ ಹಕ್ಕೂ ಇಲ್ಲ. ಗುತ್ತಿಗೆ ಪಡೆದವರ ಒಪ್ಪಿಗೆಯಿಲ್ಲದೆ ಕದ್ದು ಇಳಿದವರು ಅಪಾಯದಲ್ಲೂ ಕೂಗಲು ಹಿಂಜರಿಯುತ್ತಾರೆ.

ಈಜು ಬರುತ್ತದೆ ಎನ್ನುವ ವಾದ ಇನ್ನೂ ದುರ್ಬಲ. ಈಜು ಕೆಲಸಕ್ಕೆ ಬರುವುದು ದಡ ಯಾವ ಕಡೆ ಎಂದು ಗೊತ್ತಿದ್ದಾಗ, ಕಾಲಿಗೆ ಬಲೆ ಸುತ್ತದಿದ್ದಾಗ. ತಣ್ಣನೆಯ ನೀರಿಗೆ ತಟ್ಟನೆ ಬಿದ್ದವನು ತನಗರಿವಿಲ್ಲದೆ ಉಸಿರೆಳೆದುಕೊಳ್ಳುತ್ತಾನೆ, ಆಗ ಬಾಯಿ ನೀರಿನಡಿಯಿದ್ದರೆ ಈಜುವ ಹೊತ್ತೇ ಬರುವುದಿಲ್ಲ. ಲೈಫ್ ಜಾಕೆಟ್ಟಿನ ಕೊಂಡಿಗಳಿಗೆ ಬಲೆ ಸಿಕ್ಕಿಕೊಳ್ಳುತ್ತದೆ ಎಂಬ ದೂರು ಮಾತ್ರ ಒಪ್ಪತಕ್ಕದ್ದೇ. ಅದಕ್ಕೆ ಉತ್ತರ ಮೈಗೊತ್ತುವ, ಹೊರಚಾಚು ಇಲ್ಲದ ಜಾಕೆಟ್, ಇಲ್ಲವೇ ಮೇಲೊಂದು ಬಿಗಿ ಅಂಗಿ. ಜಾಕೆಟ್ಟನ್ನೇ ಬಿಡುವುದು ಉತ್ತರವಲ್ಲ. ತಲೆ ನೀರಿನ ಮೇಲಿರಲು ಬೇಕಾದ ಹೆಚ್ಚುವರಿ ಎತ್ತುವಿಕೆ ನಾಲ್ಕೈದು ಕಿಲೊ ಮಾತ್ರ. ಮುಚ್ಚಳ ಬಿಗಿದ ಐದು ಲೀಟರ್ ಖಾಲಿ ಕ್ಯಾನು ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. ಅದು ಜಾಕೆಟ್ಟಿಗೆ ಬದಲಿಯಲ್ಲ, ಕೈ ಸೋತರೆ ಕ್ಯಾನು ಜಾರುತ್ತದೆ. ಎಸೆಯಲು ಹಗ್ಗ ಕಟ್ಟಿ ಇಟ್ಟುಕೊಳ್ಳಬೇಕಾದ ವಸ್ತು ಅದು.

ಎರಡು ಪರೀಕ್ಷೆ

1628ರಲ್ಲಿ ಸ್ವೀಡನ್ನಿನ ವಾಸಾ ಎಂಬ ಯುದ್ಧನೌಕೆಯನ್ನು ಕಡಲಿಗೆ ಬಿಡುವ ಮೊದಲು ಬಂದರಿನಲ್ಲೇ ಪರೀಕ್ಷಿಸಿದರು. ಮೂವತ್ತು ಜನ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಬೇಕು. ಮೂರನೆಯ ಓಟಕ್ಕೇ ಹಡಗು ಮಗುಚುವಂತೆ ತೂಗಾಡಿತು, ಪರೀಕ್ಷೆ ನಿಲ್ಲಿಸಿದರು, ಆದರೂ ಹಡಗು ಹೊರಟಿತು. ಮೊದಲ ಯಾನದಲ್ಲೇ ಒಂದೂವರೆ ಕಿಲೊಮೀಟರ್ ಕೂಡ ಸಾಗದೆ ಮುಳುಗಿತು. ಪರೀಕ್ಷೆ ಒಳ್ಳೆಯದಿತ್ತು, ಅದರ ಮಾತು ಕೇಳುವವರಿರಲಿಲ್ಲ. ಹರಿಗೋಲಿಗೂ ಅದನ್ನೇ ಮಾಡಬಹುದು: ಸೊಂಟಮಟ್ಟದ ನೀರಿನಲ್ಲಿ, ಹಗಲಿನಲ್ಲಿ, ಹಿಂದಿರುಗುವಾಗಿನ ತೂಕಕ್ಕೆ ಸಮನಾಗಿ ಮರಳು ಚೀಲ ಇಟ್ಟು, ಇಬ್ಬರು ಒಂದೇ ಅಂಚಿಗೆ ಸರಿದು ನೋಡಬೇಕು. ಅಂಚು ನೀರಿನಿಂದ ಒಂದು ಗೇಣಾದರೂ ಮೇಲೆ ಉಳಿಯದಿದ್ದರೆ ಒಬ್ಬ ಇಳಿಯಬೇಕು.

ಎರಡನೆಯದು ಯಾರೂ ಮಾಡದ ಪರೀಕ್ಷೆ: ಬೇಕೆಂದೇ ಹರಿಗೋಲನ್ನು ನೀರಿನಿಂದ ತುಂಬಿಸಿಬಿಡುವುದು. ಹಳೆಯ ಬಿದಿರಿನ ಹರಿಗೋಲು ನೀರು ತುಂಬಿದರೂ ತೇಲುತ್ತಿತ್ತು, ಬಿದಿರು ನೀರಿಗಿಂತ ಹಗುರ. ಮಗುಚಿದವರು ಅದನ್ನೇ ಹಿಡಿದು ಬೆಳಗಿನವರೆಗೆ ಕಾಯಬಹುದಿತ್ತು. ಫೈಬರ್ ನೀರಿಗಿಂತ ಭಾರ, ತಗಡೂ ಅಷ್ಟೆ, ತುಂಬಿದರೆ ತಳಕ್ಕೆ ಹೋಗುತ್ತದೆ. ಅರವತ್ತು ಕಿಲೊ ತೂಗುವ ಫೈಬರ್ ಹರಿಗೋಲು ಪೂರ್ತಿ ಮುಳುಗಿದಾಗ ನೀರಿನಲ್ಲಿ ಇಪ್ಪತ್ತು ಇಪ್ಪತ್ತೈದು ಕಿಲೊದಷ್ಟು ಜಗ್ಗುತ್ತದೆ. ಅದನ್ನು ಹಿಡಿದು ತೇಲುವ ಇಬ್ಬರಿಗೆ ಇನ್ನು ಹತ್ತು ಕಿಲೊ. ಮುಚ್ಚಳಕ್ಕೆ ಅಂಟು ಬಳಿದು ಬಿಗಿದ ಇಪ್ಪತ್ತು ಲೀಟರಿನ ಎರಡು ಖಾಲಿ ಕ್ಯಾನುಗಳು ಇದಿಷ್ಟನ್ನೂ ಹೊರುತ್ತವೆ. ಅವುಗಳನ್ನು ಒಳಗೆ, ಅಂಚಿನ ಕೆಳಗೆ, ಎದುರುಬದುರಾಗಿ ಗಟ್ಟಿಯಾಗಿ ಕಟ್ಟಬೇಕು. ಎರಡನ್ನೂ ಒಂದೇ ಕಡೆ ಕಟ್ಟಿದರೆ ತುಂಬಿದ ಹರಿಗೋಲು ನಿಟ್ಟನೆ ನಿಂತುಬಿಡುತ್ತದೆ, ಹಿಡಿಯಲು ಅಂಚು ಸಿಗುವುದಿಲ್ಲ.